ಪುಕ್ಕಟೆ ಥೀಮ್‌ನಲ್ಲಿ ಬಾಗಲಕೋಟೆಯ ಮದುವೆ ಫೋಟೊ

ಅಂಕ ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿದ್ದವರು ಮುಂದೆ ಓದಲಿ. ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಟ್ವೆಂಟಿ ಟ್ವೆಂಟಿ-ಫೋರ್ ಎಂಬ ಥೀಮಿಗೆ, ಅಂದರೆ ಸೈಟಿನ ಸಿದ್ಧ ವಿನ್ಯಾಸಕ್ಕೆ, ನನ್ನಿಂದ ಐದಕ್ಕೆ ನಾಲ್ಕು. ಕಳೆದ ಒಂದರಲ್ಲಿ ಅರ್ಧ ಕನ್ನಡ ಅಕ್ಷರದ ಲೆಕ್ಕಕ್ಕೆ, ಇನ್ನರ್ಧ ಗ್ಯಾಲರಿ ಲೆಕ್ಕಕ್ಕೆ. ಒಂದು ಪೈಸೆ ಕೊಡದೆ ಸಿಕ್ಕಿದ್ದಕ್ಕೆ ಇದು ದೊಡ್ಡ ಅಂಕವೇ. ಆದರೆ ಅದು ಕೈಯಾಡಿಸಿದ ಮೇಲಿನ ಅಂಕ. ಹಾಕಿ ಹಾಗೇ ಬಿಟ್ಟಿದ್ದರೆ ಎರಡೂವರೆಗಿಂತ ಮೇಲೆ ಹೋಗುತ್ತಿರಲಿಲ್ಲ.

ನನ್ನದು ವಿದ್ಯಾಗಿರಿಯಲ್ಲಿ ಸಣ್ಣ ಸ್ಟುಡಿಯೊ. ಮದುವೆ, ಕುಬಸ, ಜಾವಳ, ತೊಟ್ಟಿಲು ಇವೇ ಅನ್ನ ಹಾಕುವ ಕೆಲಸ. ಸೀಸನ್ ಇಲ್ಲದಾಗ ಬಾದಾಮಿ, ಪಟ್ಟದಕಲ್ಲು. ಹೋಳಿ ಬಂತೆಂದರೆ ಹಲಗಿ ಸದ್ದಿನ ಹಿಂದೆ, ಬಣ್ಣದ ಬಂಡಿಗಳ ಹಿಂದೆ. ಎಲ್ಲವೂ ಇನ್‌ಸ್ಟಾಗ್ರಾಂ ಮೇಲೆಯೇ ನಡೆಯುತ್ತಿತ್ತು. ತೊಂದರೆ ಏನೆಂದರೆ, ಮುಧೋಳದಿಂದ ಒಬ್ಬರು ಫೋನ್ ಮಾಡಿ, "ಅಕ್ಕಾರ, ಬರೇ ಕುಬಸದ ಫೋಟೊ ಅಷ್ಟ ಕಳಸ್ರಿ, ಮನಿಯಾಗ ತೋರಿಸ್ತೀನಿ" ಅಂದರೆ ಕಳಿಸಲು ಒಂದು ಲಿಂಕ್ ಇರಲಿಲ್ಲ. ರೀಲ್ಸ್, ಮದುವೆ, ಬಾದಾಮಿ ಬೆಟ್ಟ ಎಲ್ಲ ಒಂದರ ಮೇಲೊಂದು. ಕುಬಸಕ್ಕೊಂದು ಪುಟ, ಮದುವೆಗೊಂದು ಪುಟ, ಊರಿನ ಫೋಟೊಗಳಿಗೊಂದು ಪುಟ, ಇಷ್ಟೇ ನನಗೆ ಬೇಕಾಗಿತ್ತು. ಎಡಿಟಿಂಗ್ ನೋಡಿಕೊಳ್ಳುವ ತಮ್ಮ ಮಾತ್ರ ಸ್ಲೈಡರ್ (ತಾನೇ ಸರಿಯುವ ಫೋಟೊ ಸಾಲು) ಬೇಕೇ ಬೇಕು ಎಂದು ಹಟ ಹಿಡಿದಿದ್ದ. ಅದಕ್ಕೆ ಆಮೇಲೆ ಬರುತ್ತೇನೆ.

ವರ್ಡ್‌ಪ್ರೆಸ್‌ನ ಅಧಿಕೃತ ಥೀಮ್ ಪಟ್ಟಿಯಲ್ಲಿ "ಫೋಟೊಗ್ರಫಿ" ಅಂತ ಸೋಸಿದರೆ ಪುಟಗಟ್ಟಲೆ ಬರುತ್ತವೆ. ಎಲ್ಲದರ ಡೆಮೊ ಚೆಂದವೇ. ಏಕೆ ಚೆಂದ ಅಂತ ಸ್ವಲ್ಪ ಹೊತ್ತು ನೋಡಿದರೆ ಗುಟ್ಟು ತಿಳಿಯುತ್ತದೆ: ಮಂಜು ಕವಿದ ಬೆಟ್ಟ, ಖಾಲಿ ರಸ್ತೆ, ಬೂದು ಗೋಡೆಯ ಮುಂದೆ ಒಬ್ಬಳೇ ಹುಡುಗಿ. ಎಲ್ಲ ಅಡ್ಡ ಫೋಟೊ, ಎಲ್ಲ ಒಂದೇ ಛಾಯೆ, ಶೀರ್ಷಿಕೆ ಇಂಗ್ಲಿಷ್‌ನಲ್ಲಿ ಒಂದೋ ಎರಡೋ ಪದ. ಸೀರೆ ಅಂಗಡಿಯ ಬೊಂಬೆ ಉಟ್ಟ ಸೀರೆ ಹೇಗೋ ಡೆಮೊ ಹಾಗೆ. ನಮ್ಮ ಮದುವೆ ಫೋಟೊದಲ್ಲಿ ಮೂವತ್ತು ಮಂದಿ ಇರುತ್ತಾರೆ, ಹಿಂದೆ ಕೆಂಪು ಹಳದಿ ಶಾಮಿಯಾನ ಇರುತ್ತದೆ, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದೇ ಇರುತ್ತದೆ. ಥೀಮ್ ಅದನ್ನು ತಡೆದುಕೊಳ್ಳಬೇಕು.

ಅದಕ್ಕೇ ಡೆಮೊ ನೋಡುವುದು ಬಿಟ್ಟು ಒಂದು ಪರೀಕ್ಷೆಯ ಫೋಲ್ಡರ್ ಮಾಡಿಕೊಂಡೆ. ಇಳಕಲ್ ಸೀರೆಯ ಮದುಮಗಳ ಉದ್ದ ಫೋಟೊ ಒಂದು, ಟೋಪಿ ತೆನಿ ಸೆರಗು ಕೆಳಗಿನವರೆಗೂ ಕಾಣುವಂಥದ್ದು. ಕತ್ತಲ ಕೋಣೆಯಲ್ಲಿ ಅರಿಶಿಣ ಹಚ್ಚುವ ಫೋಟೊ ಒಂದು. ಬಾದಾಮಿಯ ಕೆಂಪು ಕಲ್ಲಿನದು ಒಂದು, ಭೂತನಾಥ ಗುಡಿ ನೀರಿನಲ್ಲಿ ಮೂಡಿದ್ದು. ಹೋಳಿಯ ಗದ್ದಲ ಒಂದು. ಜೊತೆಗೆ ಒಂದು ಶೀರ್ಷಿಕೆ: "ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಒಂದು ಸಂಜೆ". ಈ ಸಾಲನ್ನು ಬೇಕೆಂದೇ ಇಟ್ಟೆ. "ಅಗಸ್ತ್ಯ"ದಲ್ಲಿ ಒಂದರ ಕೆಳಗೊಂದು ಎರಡು ಒತ್ತು ಬರುತ್ತವೆ, ಸಾಲು ಮುರಿದು ಎರಡಾಗುತ್ತದೆ. ಈ ಸಾಲು ದಾಟಿದ ಥೀಮ್ ಯಾವ ಕನ್ನಡ ಸಾಲನ್ನಾದರೂ ದಾಟುತ್ತದೆ.

ಬಹಳಷ್ಟು ದಾಟಲಿಲ್ಲ. ಒಂದು ಥೀಮ್‌ನಲ್ಲಿ ಮುಖಪುಟದ ಚೌಕಗಳಿಗೆ ಉದ್ದ ಫೋಟೊ ಹಾಕಿದರೆ ನಡುವಿನ ಭಾಗ ಅಷ್ಟೇ ಉಳಿಯುತ್ತಿತ್ತು, ಬದಲಿಸುವ ಗುಂಡಿ ಕಾಸು ಕೊಟ್ಟವರಿಗೆ ಮಾತ್ರ. ಇನ್ನೊಂದರಲ್ಲಿ ತಮ್ಮನ ಪ್ರೀತಿಯ ಸ್ಲೈಡರ್ ಇತ್ತು. ದೊಡ್ಡ ದೊಡ್ಡ ಫೋಟೊ ತಾವೇ ಸರಿಯುತ್ತಿದ್ದವು, ಕಂಪ್ಯೂಟರ್‌ನಲ್ಲಿ ನೋಡಿದರೆ ಸಿನಿಮಾ. ಅದನ್ನೇ ಮೊಬೈಲ್‌ನಲ್ಲಿ ತೆರೆದರೆ ಮೊದಲ ಫೋಟೊ ಬರುವ ಹೊತ್ತಿಗೆ ನೋಡುವವರು ವಾಟ್ಸ್ಆ್ಯಪ್‌ಗೆ ವಾಪಸ್ ಹೋಗಿರುತ್ತಾರೆ. ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಮೂಡಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಸ್ಲೈಡರ್ ಇಟ್ಟುಕೊಂಡು ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಅದನ್ನು ಮುಟ್ಟುವುದು ಬಲು ಕಷ್ಟ. "ಸ್ಲೈಡರ್ ಇಲ್ದ ಸೈಟ್ ಸಪ್ಪಗ ಕಾಣತೈತಿ ಅಕ್ಕಾ" ಅಂದ ತಮ್ಮ. ಕಾಣಲಿ ಬಿಡು, ಫೋಟೊ ಸಪ್ಪಗೆ ಕಾಣದಿದ್ದರೆ ಆಯಿತು ಅಂದೆ.

ಇಲ್ಲೇ ಒಂದು ಮಾತು. ಟೆಲಿಗ್ರಾಂ ಗುಂಪುಗಳಲ್ಲಿ ಕಾಸಿನ ಥೀಮ್‌ಗಳನ್ನು ಬೀಗ ಒಡೆದು ಪುಕ್ಕಟೆ ಹಂಚುತ್ತಾರೆ. ನಮ್ಮ ಕಸುಬಿನವರೇ ಎಷ್ಟೋ ಮಂದಿ ಅದನ್ನು ಹಾಕಿಕೊಂಡಿದ್ದಾರೆ. ಅಂಥ ಫೈಲ್‌ನೊಳಗೆ ಏನು ಸೇರಿಸಿದ್ದಾರೆಂದು ನೋಡುವವರಿಲ್ಲ. ನಾಳೆ ನಿಮ್ಮ ಸೈಟ್ ತೆರೆದವರು ಜೂಜಿನ ಜಾಹೀರಾತಿಗೆ ಹೋಗಿ ಬೀಳಬಹುದು. ಅಧಿಕೃತ ಪಟ್ಟಿಯ ಥೀಮ್‌ಗಳನ್ನು ಸೇರಿಸುವ ಮುನ್ನ ಪರಿಶೀಲಿಸುತ್ತಾರೆ, ಎಲ್ಲವೂ ಜಿಪಿಎಲ್ ಅಥವಾ ಅದಕ್ಕೆ ಹೊಂದುವ ಪರವಾನಗಿಯವು, ಅಂದರೆ ಬೇಕಾದಂತೆ ತಿದ್ದಿಕೊಳ್ಳಲು ಹಕ್ಕಿದೆ. ಕೆಳಗಿನ "ವರ್ಡ್‌ಪ್ರೆಸ್‌ನಿಂದ ಮಾಡಿದ್ದು" ಎಂಬ ಸಾಲು ತೆಗೆದರೂ ತಪ್ಪಿಲ್ಲ. ಒಂದು ಥೀಮ್ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅಪ್‌ಡೇಟ್ ಆಗದಿದ್ದರೆ ಅದರ ಪುಟದ ಮೇಲೇ ಎಚ್ಚರಿಕೆ ಬರುತ್ತದೆ. ಅಂಥದ್ದನ್ನು ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. ಕೇಡೆನ್ಸ್, ಬ್ಲಾಕ್ಸಿಯಂಥವೂ ಪುಕ್ಕಟೆ ಸಿಗುತ್ತವೆ, ಅಂಗಡಿ ವ್ಯಾಪಾರದವರಿಗೆ ಒಳ್ಳೆಯವು. ನನಗೆ ಅಷ್ಟು ಗುಂಡಿಗಳ ಕೆಲಸವಿಲ್ಲ.

ಟ್ವೆಂಟಿ ಟ್ವೆಂಟಿ-ಫೋರ್ ಬಂದದ್ದು 2023ರ ನವೆಂಬರ್‌ನಲ್ಲಿ, ವರ್ಡ್‌ಪ್ರೆಸ್ 6.4ರ ಜೊತೆಗೆ. ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಬರುತ್ತಿದ್ದ ಅವರದ್ದೇ ಥೀಮ್. ಮೂರು ಬಗೆಯ ಮಂದಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾರೆ: ಸಣ್ಣ ವ್ಯಾಪಾರದವರು, ಫೋಟೊಗ್ರಾಫರ್ ಮತ್ತು ಕಲಾವಿದರು, ಬರೆಯುವವರು. ಫೋಟೊದವರಿಗೆಂದೇ ಮುಖಪುಟದ ಸಿದ್ಧ ವಿನ್ಯಾಸಗಳಿವೆ, ಮೇಲೆ ಕೆಳಗೆ ಸರಿಸಿದಂತೆ ಜೋಡಿಸಿದ ಗ್ಯಾಲರಿಗಳಿವೆ. ನನಗೆ ಹಿಡಿಸಿದ್ದು ಅದರ ಮೌನ. ಮೇಲೆ ಹೆಸರು, ಪಕ್ಕದಲ್ಲಿ ಮೆನು, ಕೆಳಗೆ ಫೋಟೊ. ತಾನು ಇದ್ದೇನೆ ಅಂತ ಥೀಮ್ ಎಲ್ಲೂ ಕೂಗುವುದಿಲ್ಲ. ಫೋಟೊದವರ ಸೈಟಿಗೆ ಇದಕ್ಕಿಂತ ದೊಡ್ಡ ಗುಣ ನನಗೆ ತಿಳಿದಿಲ್ಲ.

ಇನ್ನು ಕೈಯಾಡಿಸಿದ್ದು.

ಮೊದಲನೆಯದು ಅಕ್ಷರ. ಈ ಥೀಮ್‌ನ ಶೀರ್ಷಿಕೆಗಳಿಗೆ ಕಾರ್ಡೋ ಎಂಬ ಫಾಂಟ್ ಇದೆ. ಇಂಗ್ಲಿಷ್‌ಗೆ ಹಳೆಯ ಪುಸ್ತಕದ ಗಾಂಭೀರ್ಯ ಕೊಡುತ್ತದೆ, ಆದರೆ ಅದರಲ್ಲಿ ಕನ್ನಡ ಇಲ್ಲ. ಕನ್ನಡ ಬರೆದರೆ ಬ್ರೌಸರ್ ಆ ಸಾಧನದಲ್ಲಿ ಇರುವ ಯಾವುದೋ ಕನ್ನಡ ಫಾಂಟ್ ತಂದು ಕೂರಿಸುತ್ತದೆ. ಆ್ಯಂಡ್ರಾಯ್ಡ್ ಮೊಬೈಲ್‌ನಲ್ಲಿ ಸಾಮಾನ್ಯವಾಗಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ. ಹೀಗಾಗಿ ಒಂದೇ ಶೀರ್ಷಿಕೆಯಲ್ಲಿ "2025" ಒಂದು ಧಾಟಿಯಲ್ಲಿ, "ಹೋಳಿ" ಇನ್ನೊಂದು ಧಾಟಿಯಲ್ಲಿ ನಿಲ್ಲುತ್ತವೆ. ನನ್ನ ಮೊಬೈಲ್‌ನಲ್ಲಿ ಸರಿ ಕಂಡದ್ದು ಗಿರಾಕಿಯ ಮೊಬೈಲ್‌ನಲ್ಲಿ ಬೇರೆಯೇ ಆಗಿರುತ್ತದೆ. ಇದು ಈ ಥೀಮ್ ಒಂದರ ಕತೆಯಲ್ಲ. ಅದರ ಮರುವರ್ಷದ ಟ್ವೆಂಟಿ ಟ್ವೆಂಟಿ-ಫೈವ್‌ನ ಮುಖ್ಯ ಫಾಂಟ್ ಮ್ಯಾನ್‌ರೋಪ್‌ನಲ್ಲೂ ಕನ್ನಡ ಇಲ್ಲ.

ಮದ್ದು ಸುಲಭ. 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಈಚೆಗೆ ಫಾಂಟ್ ಲೈಬ್ರರಿ ಒಳಗೇ ಇದೆ. ಎಡಿಟರ್ ತೆರೆದು ಸ್ಟೈಲ್ಸ್, ಅದರೊಳಗೆ ಟೈಪೊಗ್ರಫಿ, ಅಲ್ಲಿ ಗೂಗಲ್ ಫಾಂಟ್‌ಗಳನ್ನು ಹುಡುಕಿ ಇನ್‌ಸ್ಟಾಲ್ ಒತ್ತಿದರೆ ಫೈಲ್ ನಮ್ಮ ಸರ್ವರ್‌ಗೇ ಬಂದು ಕೂರುತ್ತದೆ. ಕನ್ನಡದ ಫಾಂಟ್‌ಗಳು ಬೇಕಾದಷ್ಟಿವೆ: ಅನೇಕ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ, ನೋಟೊ ಸ್ಯಾನ್ಸ್, ನೋಟೊ ಸೆರಿಫ್. "ಹುಬ್ಬಳ್ಳಿ" ಅಂತಲೇ ಒಂದು ಫಾಂಟ್ ಇದೆ. ಹೆಸರು ನೋಡಿ ಅಭಿಮಾನ ಉಕ್ಕಿ ಅದನ್ನೇ ಮೊದಲು ಹಾಕಿ ನೋಡಿದೆ. ಎಳೆ ಎಳೆಯಾಗಿ ಮುದ್ದಾಗಿದೆ, ಆದರೆ ಒಂದೇ ದಪ್ಪದಲ್ಲಿ ಸಿಗುತ್ತದೆ, ಬಿಸಿಲಿನಲ್ಲಿ ಮೊಬೈಲ್ ಹಿಡಿದರೆ ಶೀರ್ಷಿಕೆ ತೆಳ್ಳಗಾಗಿ ಬಿಡುತ್ತದೆ. ಬಲೂ ತಮ್ಮ ಗುಂಡಗೆ ನಗುಮುಖದ್ದು, ತೊಟ್ಟಿಲ ಕಾರ್ಯಕ್ಕೆ ಸೈ, ಮದುವೆ ಪುಟಕ್ಕೆ ಯಾಕೋ ಒಗ್ಗಲಿಲ್ಲ. ಕೊನೆಗೆ ಶೀರ್ಷಿಕೆಗೆ ಅನೇಕ್, ಒಳಗಿನ ಬರಹಕ್ಕೆ ನೋಟೊ ಸ್ಯಾನ್ಸ್ ಇಟ್ಟೆ. ಎರಡರಲ್ಲೂ ಬೇಕಾದ ದಪ್ಪಗಳನ್ನು ಮಾತ್ರ ಆರಿಸಿ. ಎಲ್ಲ ಗುರುತು ಹಾಕಿದರೆ ಬಳಸದ ಫೈಲ್‌ಗಳೂ ಬಂದು ಕೂರುತ್ತವೆ.

ಫಾಂಟ್ ಹಾಕಿದರೆ ಮುಗಿಯಲಿಲ್ಲ. ಈ ಥೀಮ್ ಮಾತ್ರವಲ್ಲ, ನಾನು ನೋಡಿದ ಎಲ್ಲ ಥೀಮ್‌ಗಳೂ ಶೀರ್ಷಿಕೆಯ ಸಾಲುಗಳನ್ನು ಇಂಗ್ಲಿಷ್ ಅಳತೆಗೆ ಬಿಗಿದು ಇಟ್ಟಿರುತ್ತವೆ. ಇಂಗ್ಲಿಷ್ ಅಕ್ಷರದ ಕೆಳಗೆ ಇಳಿಯುವುದು ಒಂದು ಬಾಲ. ನಮ್ಮಲ್ಲಿ ಒತ್ತಿನ ಕೆಳಗೆ ಒತ್ತು. "ಅಗಸ್ತ್ಯ"ದ ಯ-ಒತ್ತು ಹೋಗಿ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಶೀರ್ಷಿಕೆಯ ಲೈನ್ ಹೈಟ್ (ಸಾಲಿನ ಅಂತರ) 1.45ಕ್ಕೆ, ಬರಹದ್ದು 1.8ಕ್ಕೆ ಏರಿಸಿದ ಮೇಲೆ ಉಸಿರಾಡುವಂತಾಯಿತು. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಎಂಬುದನ್ನು ಸೊನ್ನೆಗೆ ತಂದಿಡಿ. ಕೆಲವು ಥೀಮ್‌ಗಳು ದೊಡ್ಡ ಶೀರ್ಷಿಕೆಗೆ ಅದನ್ನು ಸೊನ್ನೆಗಿಂತ ಕೆಳಗೆ ಇಟ್ಟಿರುತ್ತವೆ, ಕನ್ನಡ ಅಕ್ಷರಗಳು ಒಂದರ ಹೆಗಲ ಮೇಲೊಂದು ಏರುತ್ತವೆ.

ನಮ್ಮ ಕಸುಬಿನವರಿಗೆ ಇನ್ನೊಂದು ಕಿವಿಮಾತು. ಕರಿಜ್ಮಾ ಆಲ್ಬಮ್‌ನ ಕನ್ನಡ, ಮದುವೆ ಕಾರ್ಡಿನ ಕನ್ನಡ ಬಹಳ ಕಡೆ ಇನ್ನೂ ಹಳೆಯ ನುಡಿ ಫಾಂಟ್‌ನಲ್ಲೇ ಇರುತ್ತದೆ. ಅಲ್ಲಿಂದ ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರ ಬರುತ್ತದೆ. ಥೀಮ್ ಕೆಟ್ಟಿದೆ ಅಂತ ಅದಕ್ಕೆ ಬೈಯಬೇಡಿ. ಎಲ್ಲ ಸಾಧನಗಳೂ ಓದುವ ಯೂನಿಕೋಡ್‌ಗೆ ಬದಲಿಸಿಕೊಂಡು ಅಂಟಿಸಿ, ಇಲ್ಲವೇ ಮೊಬೈಲ್ ಕೀಬೋರ್ಡಿನಲ್ಲಿ ಹೊಸದಾಗಿ ಹೊಡೆದುಬಿಡಿ.

ಈಗ ಗ್ಯಾಲರಿ. ವರ್ಡ್‌ಪ್ರೆಸ್‌ನ ಗ್ಯಾಲರಿ ಬ್ಲಾಕ್‌ನಲ್ಲಿ (ಬ್ಲಾಕ್ ಅಂದರೆ ಪುಟ ಕಟ್ಟುವ ಒಂದು ತುಂಡು) "ಕ್ರಾಪ್" ಎಂಬ ಗುಂಡಿ ಮೊದಲಿನಿಂದಲೇ ಹಾಕಿರುತ್ತದೆ. ಒಂದು ಸಾಲಿನ ಫೋಟೊಗಳು ಸಮನಾಗಿ ನಿಲ್ಲಲೆಂದು ಫೋಟೊಗಳ ಅಂಚು ಕತ್ತರಿಸುತ್ತದೆ. ಹೂವಿನ ಫೋಟೊಕ್ಕೆ ಪರವಾಗಿಲ್ಲ. ಮದುಮಗಳ ಫೋಟೊದಲ್ಲಿ ಸೆರಗು ಹೋದರೆ? ನನ್ನ ಪರೀಕ್ಷೆಯ ಪುಟವನ್ನು ಸ್ಟುಡಿಯೊಕ್ಕೆ ಬಂದ ಗುಳೇದಗುಡ್ಡದ ಒಬ್ಬ ತಾಯಿಗೆ ತೋರಿಸಿದೆ. ಮೊಬೈಲ್ ಹತ್ತಿರ ದೂರ ಹಿಡಿದು ನೋಡಿ, "ಯವ್ವಾ, ಬರೇ ಮಾರಿ ಅಷ್ಟ ಐತಿ, ಸೀರಿ ಎಲ್ಲಿ ಹೋತು?" ಅಂದರು. ಆ ಊರಿನವರಿಗೆ ಖಣ, ಸೀರೆ ಅಂದರೆ ಏನೆಂದು ನಾನು ಹೇಳಬೇಕಿಲ್ಲ. ಕ್ರಾಪ್ ತೆಗೆದೆ. ಸಾಲು ಸ್ವಲ್ಪ ಏರುಪೇರಾಗಿ ನಿಂತವು, ಸೆರಗು ಪೂರ್ತಿ ಬಂತು. ಏರುಪೇರು ಬೇಡ ಅನ್ನುವವರು ಉದ್ದ ಫೋಟೊಗಳನ್ನೆಲ್ಲ ಒಂದು ಗ್ಯಾಲರಿಯಲ್ಲಿ, ಅಡ್ಡದ್ದನ್ನು ಇನ್ನೊಂದರಲ್ಲಿ ಇಡಿ. ಪುಟದ ತಲೆಯ ಮೇಲೆ ಪೂರ್ತಿ ಅಗಲಕ್ಕೆ ಹರಡುವ ಕವರ್ ಬ್ಲಾಕ್‌ನಲ್ಲಿ ಮಾತ್ರ ಕತ್ತರಿ ತಪ್ಪುವುದಿಲ್ಲ. ಆದರೆ ಅಲ್ಲಿ ಫೋಕಲ್ ಪಾಯಿಂಟ್ ಎಂಬ ಚುಕ್ಕೆ ಇದೆ. ಅದನ್ನು ಎಳೆದು ಮುಖದ ಮೇಲೆ ಇಟ್ಟರೆ ಮೊಬೈಲ್‌ನಲ್ಲೂ ಮುಖ ಉಳಿಯುತ್ತದೆ.

ಮೇಲೆ ಕೆಳಗೆ ಸರಿಸಿ ಜೋಡಿಸಿದ ಗ್ಯಾಲರಿ ಅಂದೆನಲ್ಲ, ಈ ಥೀಮ್‌ನ ಅತಿ ಚೆಂದದ ಭಾಗ ಅದು. ಮದುವೆ ಪುಟಕ್ಕೆ ಅದನ್ನು ಬಳಸಬೇಡಿ. ಅದು ಕಾಲಂಗಳಿಂದ ಕಟ್ಟಿದ್ದು. ಕಂಪ್ಯೂಟರ್‌ನಲ್ಲಿ ಎಡದಿಂದ ಬಲಕ್ಕೆ ನೋಡುತ್ತೇವೆ: ಅರಿಶಿಣ, ಸುರಗಿ, ಅಕ್ಕಿಕಾಳು, ತಾಳಿ. ಮೊಬೈಲ್‌ನಲ್ಲಿ ಕಾಲಂಗಳು ಒಂದರ ಕೆಳಗೊಂದು ಬೀಳುತ್ತವೆ, ಮೊದಲ ಕಾಲಂ ಪೂರ್ತಿ ಮುಗಿದು ಎರಡನೆಯದು ಶುರು. ಹಾಗಾಗಿ ಅರಿಶಿಣದ ಮರುಗಳಿಗೆಯೇ ಅಕ್ಕಿಕಾಳು ಬಿದ್ದು, ಅದಾದ ಮೇಲೆ ಸುರಗಿ ಬರುತ್ತದೆ. ನಮ್ಮ ಮಂದಿ ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಬಾದಾಮಿ, ಐಹೊಳೆ ಫೋಟೊಗಳಿಗೆ ಕ್ರಮದ ಹಂಗಿಲ್ಲ, ಅಲ್ಲಿ ಅದನ್ನೇ ಇಟ್ಟಿದ್ದೇನೆ. ಐಹೊಳೆಯ ದುರ್ಗ ಗುಡಿಯ ಕಂಬಸಾಲು, ಪಕ್ಕದಲ್ಲಿ ಸ್ವಲ್ಪ ಕೆಳಗೆ ಸರಿದು ಪಟ್ಟದಕಲ್ಲಿನ ಶಿಖರ, ಬಹಳ ಚೆಂದ ಕೂತಿವೆ.

ಫೋಟೊ ಒತ್ತಿದರೆ ದೊಡ್ಡದಾಗುವ ಸೌಲಭ್ಯಕ್ಕೆ ಈಗ ಪ್ಲಗಿನ್ (ಮೇಲಿಂದ ಸೇರಿಸುವ ತಂತ್ರಾಂಶ) ಬೇಕಿಲ್ಲ, ವರ್ಡ್‌ಪ್ರೆಸ್ 6.4ರಿಂದ ಒಳಗೇ ಇದೆ. "ಎನ್‌ಲಾರ್ಜ್ ಆನ್ ಕ್ಲಿಕ್" ಆರಿಸಿದರೆ ಸಾಕು, ಸ್ಟೈಲ್ಸ್‌ನಲ್ಲಿ ಹೋಗಿ ಎಲ್ಲ ಫೋಟೊಗಳಿಗೂ ಒಮ್ಮೆಲೇ ಹಾಕಬಹುದು. ಆದರೆ ನಾನು ಕಟ್ಟಿದ್ದು 6.8ರಲ್ಲಿ. ಅದರಲ್ಲಿ ದೊಡ್ಡದಾದ ಫೋಟೊದಿಂದ ಮುಂದಿನದಕ್ಕೆ ಹೋಗಲು ಬಾಣ ಇರಲಿಲ್ಲ. ಒತ್ತಬೇಕು, ನೋಡಬೇಕು, ಮುಚ್ಚಬೇಕು, ಮುಂದಿನದು ಒತ್ತಬೇಕು. ಬೆರಳಿನಿಂದ ಸರಿಸಿ ನೋಡುವ ರೂಢಿಯವರಿಗೆ ಇದು ಕಿರಿಕಿರಿ. ಆ ಅರ್ಧ ಅಂಕ ಹೋದದ್ದು ಇಲ್ಲೇ. ಮದುವೆ ಪುಟಗಳಿಗಾಗಿ ಫೋಟೊ ದೊಡ್ಡದಾಗಿಸಿ ಸರಿಸಿ ನೋಡುವ ಒಂದು ಹಗುರ ಲೈಟ್‌ಬಾಕ್ಸ್ ಪ್ಲಗಿನ್ ಸೇರಿಸಿಕೊಂಡೆ.

ಅಗಲ. ಕಂಪ್ಯೂಟರ್‌ನಲ್ಲಿ ನೋಡಿದಾಗ ಫೋಟೊ ಯಾಕೆ ಇಷ್ಟು ಚಿಕ್ಕದು ಅನ್ನಿಸಿದರೆ ಕಾರಣ ಇದು: ಥೀಮ್ ಬರಹದ ಅಗಲವನ್ನು 620 ಪಿಕ್ಸೆಲ್‌ಗೆ ಕಟ್ಟಿದೆ, "ವೈಡ್" ಅನ್ನುವುದು 1280. ಓದುವುದಕ್ಕೆ 620 ಒಳ್ಳೆಯದೇ. ಫೋಟೊ, ಗ್ಯಾಲರಿಗಳಿಗೆ ಒಂದೊಂದಕ್ಕೂ ವೈಡ್ ಅಥವಾ ಪೂರ್ತಿ ಅಗಲ ಆರಿಸಿದರೆ ಆಯಿತು.

ಬಣ್ಣದ ವಿಚಾರಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ರುಚಿಗಿಂತ ಕಣ್ಣಿನ ಕೆಲಸ ಹೆಚ್ಚು. ಥೀಮ್‌ನೊಳಗೆ ಸಿದ್ಧ ಬಣ್ಣದ ಜೋಡಣೆಗಳಿವೆ: ರಸ್ಟ್, ಮಿಂಟ್, ಐಸ್, ಆನಿಕ್ಸ್ ಹೀಗೆ. ರಸ್ಟ್ ಹೆಸರಿಗೆ ತಕ್ಕಂತೆ ಕೆಂಪು ಛಾಯೆಯದು. ಬಾದಾಮಿಯ ಕಲ್ಲಿಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದಲ್ಲವೇ? ಹಾಕಿ ನೋಡಿ. ಸುತ್ತ ಕೆಂಪು ಇದ್ದರೆ ನಡುವಿನ ಕೆಂಪು ಸತ್ತುಹೋಗುತ್ತದೆ, ಸಂಜೆಯ ಬೆಳಕು ಬಿದ್ದ ಬಂಡೆ ಹಳೆ ಇಟ್ಟಿಗೆಯ ಹಾಗೆ ಕಾಣುತ್ತದೆ. ಅರಿಶಿಣದ ಫೋಟೊಕ್ಕೆ ಕೆನೆ ಬಣ್ಣದ ಹಿನ್ನೆಲೆಯೂ ಅದೇ ಕಷ್ಟ. ಥೀಮ್ ಮೊದಲೇ ಕೊಟ್ಟ ಬಿಳಿಗೆ ಹತ್ತಿರದ ಬಣ್ಣವೇ ವಾಸಿ, ಅದನ್ನೇ ಉಳಿಸಿಕೊಂಡೆ. ಹೋಳಿ ಪುಟ ಒಂದಕ್ಕೆ ಮಾತ್ರ ಬೇರೆ ಟೆಂಪ್ಲೇಟ್ (ಪುಟದ ಅಚ್ಚು) ಮಾಡಿ ಕಪ್ಪು ಹಿನ್ನೆಲೆ ಕೊಟ್ಟೆ. ಕಪ್ಪಿನ ಮೇಲೆ ಗುಲಾಲು ಸಿಡಿಯುತ್ತದೆ. ಅದೇ ಕಪ್ಪಿನಲ್ಲಿ ಅರಿಶಿಣದ ಕತ್ತಲ ಕೋಣೆ ಇಟ್ಟರೆ ಕೋಣೆ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ.

ಬಣ್ಣ ಬೇರೆ ಕಾರಣಕ್ಕೂ ಕೆಡುತ್ತದೆ, ಅದರಲ್ಲಿ ಥೀಮ್‌ನ ಪಾಲಿಲ್ಲ. ಫೋಟೊ ತಿದ್ದುವ ಲೈಟ್‌ರೂಮ್‌ನಿಂದ ತೆಗೆಯುವಾಗ ಅಡೋಬಿ ಆರ್‌ಜಿಬಿ ಎಂಬ ಬಣ್ಣದ ಪ್ರೊಫೈಲ್‌ನಲ್ಲಿ ತೆಗೆದು ಏರಿಸಿದರೆ, ಸರ್ವರ್ ಚಿಕ್ಕ ಪ್ರತಿಗಳನ್ನು ಮಾಡುವಾಗ ಬಣ್ಣದ ಪ್ರೊಫೈಲ್ ಉದುರಿಹೋಗಬಹುದು, ಆಗ ಕೆಂಪೆಲ್ಲ ಮಾಸಲು. ಎಸ್‌ಆರ್‌ಜಿಬಿಯಲ್ಲೇ ತೆಗೆಯಿರಿ. ಉದ್ದ ಬದಿ 2048 ಪಿಕ್ಸೆಲ್, ಗುಣಮಟ್ಟ ಎಪ್ಪತ್ತೈದು ಎಂಬತ್ತರ ನಡುವೆ, ಇಷ್ಟು ಸಾಕು. ಕ್ಯಾಮೆರಾದಿಂದ ಬಂದ 6000 ಪಿಕ್ಸೆಲ್‌ನ ಫೈಲ್ ಏರಿಸಿದರೆ ವರ್ಡ್‌ಪ್ರೆಸ್ ಅದನ್ನು 2560ಕ್ಕೆ ಇಳಿಸುತ್ತದೆ, ಸರಿ. ಆದರೆ ಮೂಲವನ್ನೂ ಬಿಸಾಡದೆ ಇಟ್ಟುಕೊಳ್ಳುತ್ತದೆ, ಮೇಲಾಗಿ 150ರಿಂದ 2048ರವರೆಗೆ ಇನ್ನೂ ಹಲವು ಪ್ರತಿ ಮಾಡಿಡುತ್ತದೆ. ಒಂದು ಮದುವೆಯ ಫೋಟೊಗಳಿಗೇ ಹೋಸ್ಟಿಂಗ್‌ನ ಜಾಗ ಬರಿದಾಗುತ್ತದೆ. ಥೀಮ್ ಪುಕ್ಕಟೆ, ಜಾಗ ಪುಕ್ಕಟೆ ಅಲ್ಲ. ವೆಬ್‌ಪಿ ರೂಪದಲ್ಲಿ ಏರಿಸಿದರೆ ಇನ್ನೂ ಹಗುರ. ವರ್ಡ್‌ಪ್ರೆಸ್ 5.8ರಿಂದಲೇ ಅದಕ್ಕೆ ಅವಕಾಶವಿದೆ.

ಇದಿಷ್ಟು ಮಾಡಿದರೆ ವೇಗದ ಚಿಂತೆ ಹೆಚ್ಚಾಗಿ ತಾನೇ ತೀರುತ್ತದೆ. ಕೆಳಗಿನ ಫೋಟೊಗಳನ್ನು ಸ್ಕ್ರಾಲ್ ಮಾಡಿದಾಗಲೇ ತರಿಸುವ ವ್ಯವಸ್ಥೆ 2020ರಿಂದ ಒಳಗೇ ಇದೆ, ಮೊದಲ ದೊಡ್ಡ ಫೋಟೊಕ್ಕೆ ಮುಂಚೂಣಿ ಕೊಡುವುದು 2023ರಲ್ಲಿ ಸೇರಿತು. ಅದರ ಮೇಲೆ ಮತ್ತೆ ಮೂರು "ಸ್ಪೀಡ್" ಪ್ಲಗಿನ್ ಪೇರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ರೈಟ್ ಕ್ಲಿಕ್ ತಡೆಯುವ ಪ್ಲಗಿನ್ ಹಾಕುವವರನ್ನು ಕಂಡರೂ ಅಷ್ಟೇ. ಸ್ಕ್ರೀನ್‌ಶಾಟ್ ತೆಗೆಯುವ ಬೆರಳನ್ನು ಯಾವ ಪ್ಲಗಿನ್ ಹಿಡಿದೀತು?

ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಹೇಗೆ ಕಾಣುತ್ತದೆ ಎಂಬುದು ನಮ್ಮ ಕಡೆ ಮುಖಪುಟಕ್ಕಿಂತ ಮುಖ್ಯ. ವಿಳಾಸಗಳನ್ನು ಕನ್ನಡದಲ್ಲಿ ಇಡಬೇಡಿ. ಪುಟದ ಹೆಸರು ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಅದರಿಂದಲೇ ಮಾಡುತ್ತದೆ. ಬ್ರೌಸರ್‌ನಲ್ಲಿ ಚೆಂದ, ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ಉದ್ದ ಬಾಲ. "ಮದುವೆ" ಎಂಬಷ್ಟೇ ಮಾತು 45 ಚಿಹ್ನೆಯಾಗುತ್ತದೆ. ಅದನ್ನು ನೋಡಿದ ಹಿರಿಯರು ಮೋಸದ ಲಿಂಕ್ ಅಂತ ಅಳಿಸಿಹಾಕುತ್ತಾರೆ, ಅವರ ಎಚ್ಚರ ಸರಿಯೇ. ಪುಟದ ಹೆಸರು ಕನ್ನಡದಲ್ಲೇ ಇರಲಿ, ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ತಿದ್ದಿ. ಫೋಟೊ ಫೈಲಿನ ಹೆಸರಿಗೂ ಇದೇ ಮಾತು. ಆಲ್ಟ್ ಬರಹ (ಫೋಟೊದಲ್ಲಿ ಏನಿದೆ ಎಂಬ ವಿವರಣೆ) ಮಾತ್ರ ಕನ್ನಡದಲ್ಲಿ ತುಂಬಿ, ಹುಡುಕುವವರಿಗೆ ದಾರಿಯಾಗುತ್ತದೆ. ಲಿಂಕ್ ಜೊತೆ ಯಾವ ಫೋಟೊ ತೋರಬೇಕು ಎಂಬುದನ್ನು ಈ ಥೀಮ್ ನೋಡಿಕೊಳ್ಳುವುದಿಲ್ಲ, ಅದಕ್ಕೆ ಯಾವುದಾದರೊಂದು ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಸಿಗುವಂತೆ ಮಾಡುವ) ಪ್ಲಗಿನ್ ಬೇಕು. ಸಂಪರ್ಕದ ಫಾರ್ಮ್ ಇಡಲೇ ಇಲ್ಲ. ನಮ್ಮಲ್ಲಿ ಅದನ್ನು ತುಂಬುವವರು ಯಾರು? ಒಂದು ಬಟನ್ ಇಟ್ಟು ವಾಟ್ಸ್ಆ್ಯಪ್‌ಗೆ ಜೋಡಿಸಿದ್ದೇನೆ, ಮೇಲೆ "ತಾರೀಖು ಕೇಳಿ" ಅಂತ ಬರೆದಿದ್ದೇನೆ.

ಪಾಸ್‌ವರ್ಡ್ ಪುಟದ ಬಗ್ಗೆ ಕೇಳುವವರಿದ್ದಾರೆ. ವರ್ಡ್‌ಪ್ರೆಸ್‌ನಲ್ಲಿ ಯಾವ ಪುಟಕ್ಕಾದರೂ ಪಾಸ್‌ವರ್ಡ್ ಹಾಕಬಹುದು, ಥೀಮ್ ಯಾವುದೇ ಇರಲಿ. ಆದರೆ ಬೀಗ ಬೀಳುವುದು ಪುಟಕ್ಕೆ, ಫೋಟೊ ಫೈಲಿಗಲ್ಲ. ಫೈಲಿನ ನೇರ ವಿಳಾಸ ಸಿಕ್ಕವರು ಬೀಗವಿಲ್ಲದೆ ನೋಡುತ್ತಾರೆ. ಮನೆಯೊಳಗಿನ ಅರಿಶಿಣದ ಫೋಟೊಗಳನ್ನು ನಾನು ಸೈಟಿಗೆ ಏರಿಸುವುದೇ ಇಲ್ಲ, ಹೆಣ್ಣಿನ ಕಡೆಯವರು ಬಾಯಿಬಿಟ್ಟು ಹೂಂ ಅಂದ ಒಂದೆರಡನ್ನು ಬಿಟ್ಟು. ಕೋಣೆಯೊಳಗೆ ಕ್ಯಾಮೆರಾ ಹಿಡಿದು ಹೋಗಲು ನನ್ನನ್ನು ಬಿಡುವುದು ಅದೇ ನಂಬಿಕೆಯ ಮೇಲೆ.

ಟ್ವೆಂಟಿ ಟ್ವೆಂಟಿ-ಫೈವ್ ಬಂದಿದೆಯಲ್ಲ, ಅದಕ್ಕೆ ಯಾಕೆ ಹೋಗಲಿಲ್ಲ ಅಂತ ತಮ್ಮ ಕೇಳುತ್ತಿರುತ್ತಾನೆ. ಅದರಲ್ಲಿ ಫೋಟೊ ಬ್ಲಾಗ್‌ಗೆಂದೇ ಟೆಂಪ್ಲೇಟ್‌ಗಳಿವೆ, ನಿತ್ಯ ಒಂದು ಚಿತ್ರ ಹಾಕುವವರಿಗೆ ಅದೇ ಮೇಲು. ನನ್ನದು ಪುಟಗಳ ಸೈಟು. ಬದಲಿಸಿದರೆ ಫೋಟೊ, ಬರಹ ಎಲ್ಲೂ ಹೋಗುವುದಿಲ್ಲ, ಹಾಕಿಕೊಂಡ ಫಾಂಟ್‌ಗಳೂ ಲೈಬ್ರರಿಯಲ್ಲಿ ಉಳಿಯುತ್ತವೆ. ಆದರೆ ಸಾಲಿನ ಅಂತರ, ಬಣ್ಣ, ತಲೆಬರಹ, ಹೋಳಿಯ ಕಪ್ಪು ಟೆಂಪ್ಲೇಟ್, ಇವೆಲ್ಲ ಈ ಥೀಮ್‌ನ ಹೆಸರಿಗೆ ಕಟ್ಟಿಕೊಂಡಿರುತ್ತವೆ. ಹೊಸದರಲ್ಲಿ ಮತ್ತೆ ಮೊದಲಿನಿಂದ ಮಾಡಬೇಕು. ಹಳೆಯದಕ್ಕೆ ಮರಳಿದರೆ ಅವು ಹಾಗೇ ಸಿಗುತ್ತವೆ, ಆದ್ದರಿಂದ ಆಡಿ ನೋಡಲು ಹೆದರಿಕೆಯಿಲ್ಲ. ಲಗ್ನದ ಸೀಸನ್ ಮುಗಿದು ಕೈ ಖಾಲಿಯಾದಾಗ ತಮ್ಮನೇ ಒಂದು ಖಾಲಿ ಸೈಟ್‌ನಲ್ಲಿ ಕಟ್ಟಿ ತೋರಿಸಲಿ ಅಂದಿದ್ದೇನೆ. ಸ್ಲೈಡರ್ ಮಾತ್ರ ಬೇಡ.